ನಿಮ್ಮ ನಮೂನೆಯಲ್ಲಿ ಜಾಗ ಸಿಗದ ನೀಲಿ ಗುಂಡಿ

ಮಕ್ಕಳ ಚಿಕಿತ್ಸಾ ಕೇಂದ್ರಗಳ ಮೇಲ್ವಿಚಾರಣೆಯ ಭಾರ ಹೊತ್ತ ಮಾನ್ಯರೇ,

ನನ್ನ ಏಳು ವರ್ಷದ ಮಗಳು ಗುಣಮುಖಳಾಗಿದ್ದಾಳೆಂದು ನಿಮ್ಮ ಕಚೇರಿ ಮೊಹರು ಒತ್ತಿ ಬರೆದುಕೊಟ್ಟಿದೆ. ಅವಳಿಗೆ ಕಾಯಿಲೆ ಯಾವುದೂ ಇರಲಿಲ್ಲ. ಇದ್ದದ್ದು ವಾರಕ್ಕೆರಡು ಸಲ ಹೋಗಿ ಆಡುವ ಒಂದು ಕೋಣೆ. ಅದನ್ನು ನೀವು ಮುಚ್ಚಿದಿರಿ. ಮುಚ್ಚಲು ನಾನೇ ನಿಮಗೆ ಸಹಾಯ ಮಾಡಿದೆ. ಈ ಕೊನೆಯ ಸಂಗತಿ ನಿಮ್ಮ ಕಡತದಲ್ಲಿಲ್ಲವಾದ್ದರಿಂದ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನಾನು ದರ್ಜಿ. ಅಳತೆ ತೆಗೆಯುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಅಳೆಯುವವರ ಮೇಲೆ ನನಗೆ ಹಗೆಯಿಲ್ಲ. ಆದರೆ ಅಂಗಿ ಬಿಗಿಯಾದರೆ ನಾವು ಹೊಲಿಗೆ ಬಿಚ್ಚುತ್ತೇವೆ, ಗಿರಾಕಿಯ ಭುಜ ಕೆತ್ತುವುದಿಲ್ಲ. ನಿಮ್ಮ ಇಲಾಖೆಯ ಕಸುಬು ಬೇರೆಯಿರಬಹುದು.

ಮಗಳಿಗೆ ಮಾತು ಕಡಿಮೆ. ಅಂಗಡಿಯ ನೆಲದ ಮೇಲೆ ಗುಂಡಿಗಳನ್ನು ಸಾಲಾಗಿ ಜೋಡಿಸುತ್ತಾಳೆ; ಯಾರಾದರೂ ಒಂದನ್ನು ಕದಲಿಸಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ. "ಎರಡು ಬಿಗಿದರೆ ಸರಿಹೋಗ್ತಾಳೆ ಬಿಡು" ಎಂದರು ನೆಂಟರು. ಕೇಂದ್ರದಲ್ಲಿ ಮಕ್ಕಳೆಲ್ಲ ಆಟದಕ್ಕ ಎಂದು ಕರೆಯುವ ಒಬ್ಬ ಚಿಕಿತ್ಸಕಿ ಇದ್ದರು. ಮಂಡಿ ನೋವಿನ ಆ ಹೆಂಗಸು ಮಗಳ ಪಕ್ಕ ಚಾಪೆಯ ಮೇಲೆ ಬೋರಲು ಮಲಗಿ ತಾವೂ ಒಂದು ಸಾಲು ಜೋಡಿಸತೊಡಗಿದರು. ಮುಟ್ಟಲಿಲ್ಲ, ಕರೆಯಲಿಲ್ಲ, "ಇಲ್ಲಿ ನೋಡು" ಎನ್ನಲಿಲ್ಲ. ನಾಲ್ಕು ತಿಂಗಳು ಇದೇ ಕಥೆ. ಬಾಗಿಲ ಗಾಜಿನಾಚೆ ನಿಂತು ನಾನು ಕುದಿಯುತ್ತಿದ್ದೆ.

"ಅಲ್ಲಕ್ಕಾ, ನೀವು ಏನೂ ಕಲಿಸ್ತಾನೇ ಇಲ್ವಲ್ಲ?"

"ಅವಳೇ ನನಗೆ ಕಲಿಸ್ತಿದ್ದಾಳೆ ಅಣ್ಣಾ. ಎರಡು ತೂತಿನ ಗುಂಡಿ ಪಕ್ಕ ನಾಲ್ಕು ತೂತಿಂದು ಬರಬಾರದಂತೆ. ನಿಮಗೆ ಗೊತ್ತಿತ್ತಾ?"

ಇಪ್ಪತ್ತು ವರ್ಷದಿಂದ ಗುಂಡಿ ಹೊಲಿಯುತ್ತಿರುವ ನನಗೆ ಗೊತ್ತಿರಲಿಲ್ಲ.

ಐದನೆಯ ತಿಂಗಳಲ್ಲಿ ಒಂದು ದಿನ ಅಕ್ಕನ ಸಾಲಿನಲ್ಲಿ ಒಂದು ಜಾಗ ಖಾಲಿ ಉಳಿದಿತ್ತು. ಮಗಳು ಅದನ್ನೇ ದಿಟ್ಟಿಸಿದಳು. ತನ್ನ ಸಾಲಿನಿಂದ ಒಂದು ನೀಲಿ ಗುಂಡಿಯನ್ನು ಬೆರಳ ತುದಿಯಲ್ಲಿ ಮೆಲ್ಲಗೆ ತಳ್ಳಿ ಆ ಜಾಗದಲ್ಲಿ ಕೂರಿಸಿದಳು. ಆಮೇಲೆ ನಕ್ಕಳು. ನಾನು ಗಾಜಿನಾಚೆ ಅತ್ತೆ.

ಆ ದಿನದ ವರದಿಗೆ ನಿಮ್ಮ ನಮೂನೆಯಲ್ಲಿ ಅಂಕಿ ತುಂಬಲು ಇದ್ದದ್ದು ಮೂರು ಕಲಂ: ಕುರ್ಚಿಯಲ್ಲಿ ಕೂತ ನಿಮಿಷ, ಕೈ ಅಲ್ಲಾಡಿಸದ ನಿಮಿಷ, ಕಣ್ಣಿಗೆ ಕಣ್ಣು ಕೊಟ್ಟ ಸೆಕೆಂಡು. ಮೂರರಲ್ಲೂ ಸೊನ್ನೆ. ನೀಲಿ ಗುಂಡಿಯನ್ನು ಎಲ್ಲಿ ಬರೆಯಬೇಕಿತ್ತು ಸ್ವಾಮಿ? ಷರಾದಲ್ಲೇ? ನಿಮ್ಮ ಷರಾ ಕಲಮಿನ ಅಗಲವನ್ನು ಟೇಪು ಹಿಡಿದು ಅಳೆದಿದ್ದೇನೆ. ಮುಕ್ಕಾಲು ಇಂಚು.

ಮುಂದೆ ನಿಮ್ಮ ಸುತ್ತೋಲೆ ಬಂತು: ತಪಾಸಣೆಯ ದಿನ ಪ್ರಗತಿ ಕಾಣದಿದ್ದರೆ ಆಟದ ಕೋಣೆ ರದ್ದು. "ನಾವು ಆಡೋದು ಆಡ್ತೀವಿ, ಬಂದೋರು ಬೇಕಾದ್ರೆ ನೋಡ್ಲಿ" ಎಂದರು ಅಕ್ಕ. ನನಗೆ ಆ ಧೈರ್ಯ ಇರಲಿಲ್ಲ. ಅವರಿಗೆ ತಿಳಿಸದೆ, ಮೂರು ವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು, ಗುಂಡಿ ಡಬ್ಬಿ ಬಚ್ಚಿಟ್ಟು, ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ನನ್ನ ಮೂಗಿನ ನೇರಕ್ಕೆ ಬಿಸ್ಕತ್ತು ಹಿಡಿದೆ. ಐದು ಸೆಕೆಂಡು ಕಣ್ಣಲ್ಲಿ ಕಣ್ಣಿಟ್ಟರೆ ಬಿಸ್ಕತ್ತು; ಕೈ ಅಲ್ಲಾಡಿದರೆ ಇಲ್ಲ. ಅವಳ ಕಣ್ಣಲ್ಲಿ ನೀರು ತುಂಬುತ್ತಿತ್ತು.

"ಅದ್ಯಾಕ್ರೀ ಮಗೂನ ಹೀಗೆ ಗೋಳು ಹೊಯ್ಕೊಳ್ತೀರಿ?" ಎಂದಳು ಹೆಂಡತಿ.

"ಕೋಣೆ ಉಳೀಬೇಕಲ್ವೇನೆ" ಎಂದೆ.

ತಪಾಸಣೆಗೆ ನೀವು ಕಳಿಸಿದ ಮಹಾನುಭಾವರು ಬೂಟುಗಾಲಲ್ಲೇ ಚಾಪೆ ತುಳಿದು ಬಂದರು. ಮಗಳು ತಾನಾಗಿ ಕುರ್ಚಿ ಹತ್ತಿ, ಕೈ ತೊಡೆಯ ಮೇಲಿಟ್ಟು, ಅವರ ಕಣ್ಣನ್ನೇ ನೋಡಿದಳು. ಐದು ಸೆಕೆಂಡು. "ವೆರಿ ಗುಡ್! ಇಷ್ಟು ಚೆನ್ನಾಗಿರೋ ಮಗೂಗೆ ಈ ಆಟ ಗೀಟ ಎಲ್ಲ ಯಾಕ್ರೀ?" ಎಂದರು. ಅಕ್ಕ ನನ್ನತ್ತ ತಿರುಗಿ ನೋಡಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಿಮ್ಮ ಆದೇಶದ ಜಾಣತನಕ್ಕೆ ತಲೆಬಾಗಬೇಕು. ಸೊನ್ನೆ ಪಡೆದ ಉಳಿದ ಹನ್ನೊಂದು ಮಕ್ಕಳಿಗೆ ಆಟದಿಂದ ಪ್ರಯೋಜನವಾಗಿಲ್ಲ. ಐದು ಪಡೆದ ನನ್ನ ಮಗಳಿಗೆ ಆಟದ ಅಗತ್ಯವಿಲ್ಲ. ಕತ್ತರಿಯ ಎರಡು ಅಲಗೂ ಚೂಪು! ಈಗ ಆ ಕೋಣೆಯಲ್ಲಿ ಚಾಪೆಯಿಲ್ಲ, ಅಕ್ಕನಿಲ್ಲ. ಹನ್ನೆರಡು ಕುರ್ಚಿಗಳನ್ನು ಗೋಡೆಗುಂಟ ಒಂದೇ ಸಾಲಾಗಿ ಜೋಡಿಸಿದ್ದೀರಿ. ಸಾಲು ಜೋಡಿಸುವ ಚಟ ನಿಮಗೂ ಇದೆ ಎಂದಾಯಿತು. ನಿಮ್ಮನ್ನು ಮಾತ್ರ ಯಾರೂ ಚಿಕಿತ್ಸೆಗೆ ಕಳಿಸಲಿಲ್ಲ.

ಮಗಳು ಗುಂಡಿ ಮುಟ್ಟುವುದನ್ನೇ ಬಿಟ್ಟಿದ್ದಾಳೆ. ದಿನಾ ಮಧ್ಯಾಹ್ನ ನಾನೇ ಅಂಗಡಿಯ ನೆಲದ ಮೇಲೆ ಬೋರಲು ಮಲಗಿ ಜೋಡಿಸುತ್ತೇನೆ. ಬೇಕೆಂದೇ ಎರಡು ತೂತಿನದರ ಪಕ್ಕ ನಾಲ್ಕು ತೂತಿನದನ್ನು ಇಡುತ್ತೇನೆ, ಸರಿಪಡಿಸಲಿಕ್ಕಾದರೂ ಬಂದಾಳೆಂದು. ಬರುತ್ತಾಳೆ. ಗುಂಡಿಗಳನ್ನು ದಾಟಿ ಹೋಗಿ ಸ್ಟೂಲಿನ ಮೇಲೆ ಕೂರುತ್ತಾಳೆ. ಕೈ ತೊಡೆಯ ಮೇಲಿಟ್ಟು, ನೆಲದಲ್ಲಿ ಬಿದ್ದಿರುವ ಅಪ್ಪನ ಕಣ್ಣನ್ನೇ ಐದು ಸೆಕೆಂಡು ನೋಡಿ, ಬಿಸ್ಕತ್ತಿಗೆ ಅಂಗೈ ಚಾಚುತ್ತಾಳೆ.

ಕೋಣೆಯನ್ನು ಮರಳಿ ಕೊಡಿ ಎಂದು ಕೇಳುವಷ್ಟು ಆಸೆ ನನ್ನಲ್ಲಿ ಉಳಿದಿಲ್ಲ. ಕೇಳಿದರೂ ಈ ಪತ್ರಕ್ಕೊಂದು ಸಂಖ್ಯೆ ಬೀಳುತ್ತದೆ, ಅಷ್ಟೇ. ನನ್ನ ಒತ್ತಾಯ ಒಂದೇ: ಆ ಐದು ಸೆಕೆಂಡುಗಳನ್ನು ನನ್ನ ಮಗಳ ಹೆಸರಿನ ಮುಂದಿನಿಂದ ಹೊಡೆದುಹಾಕಿ. ಅವು ನನ್ನವು. ಅವಳ ಸೊನ್ನೆಯನ್ನು ಅವಳಿಗೆ ಹಿಂತಿರುಗಿಸಿ. ಆ ಸೊನ್ನೆ ಇದ್ದ ದಿನ ಅವಳು ನಕ್ಕಿದ್ದಳು.

ಇಂತಿ,
ನಿಮ್ಮ ದಾಖಲೆಯಲ್ಲಿ ಗುಣಮುಖಳಾದವಳ ಅಪ್ಪ,
ಬಿಸ್ಕತ್ತು ಹಿಡಿದವನು