ಏಕವಚನ, ಬಹುವಚನ

ಮಾನ್ಯ ಮೇಡಂ ಅವರಿಗೆ,

ಮಾನಸಿಕ ಕಾಯಿಲೆಯವರ ಮನೆಗಳಿಗೆ ಸ್ವಯಂಸೇವಕಿಯಾಗಿ ಹೋಗುವ ನೀವು ಮೊನ್ನೆ ನಮ್ಮಲ್ಲಿಗೆ ಬಂದಾಗ, ಅಮ್ಮನಿಗೆ ಕೇಳಿಸುವ ದನಿಯ ಬಗ್ಗೆ ಯಾರೂ ಕೇಳದ್ದನ್ನು ಕೇಳಿದಿರಿ: “ಅದು ನಿಮ್ಮನ್ನ ‘ನೀನು’ ಅನ್ನುತ್ತೋ, ‘ನೀವು’ ಅನ್ನುತ್ತೋ?”

“‘ನೀವು’ ಅಂತಲೇ. ಈ ಮನೇಲಿ ನನಗೆ ಮರ್ಯಾದೆ ಕೊಡೋದು ಅದೊಂದೇ,” ಎಂದು ಅಮ್ಮ ನಕ್ಕಳು.

ಆ ಪ್ರಶ್ನೆಗೆ ಸಿಟ್ಟಾಗಿ, ಬೇರೆಯವರನ್ನು ಕಳಿಸಿ ಎಂದು ನಾನು ನಿಮ್ಮ ಸಂಸ್ಥೆಗೆ ಮಾಡಿದ ಫೋನನ್ನು ಮರೆತುಬಿಡಿ. ಅಮ್ಮ ವಾರದಿಂದ ಮಾತ್ರೆ ಮುಟ್ಟಿರಲಿಲ್ಲ. ನಿನ್ನೆ ಅಪ್ಪ ಹೊಲಿಗೆ ಯಂತ್ರ ಬಿಟ್ಟು ಎದ್ದು, ಕೋಣೆಯ ಬಾಗಿಲಲ್ಲಿ ನಿಂತು, “ಮಾತ್ರೆ ತಗೊಳ್ತೀರಾ?” ಎಂದರು.

“ಅಯ್ಯೋ, ಇದ್ಯಾವ ಹೊಸ ದನಿ?” ಎನ್ನುತ್ತ ಅಮ್ಮ ಕೈಚಾಚಿದರು.

ಒಳಗಿನ ಆ ದನಿ ಗಂಡಸಿನದೋ ಹೆಂಗಸಿನದೋ ಎಂದು ಅಪ್ಪನಿಗೀಗ ಕುತೂಹಲ. ಕೇಳಲು ಬಾಯಿ ಬಾರದು. ದಯವಿಟ್ಟು ನೀವೇ ಬಂದು ಕೇಳಿ.

ಇಂತಿ,
ದರ್ಜಿಯ ಮಗ