ಖಾಲಿ ಗೋದಲಿ

ಡಿಸೆಂಬರ್ 2

ಬೆಳಗಿನ ಪಾಳಿ. ಇಸ್ತ್ರಿ ಯಂತ್ರದ ಪೈಪು ಮತ್ತೆ ಸೋರುತ್ತಿದೆ. ಮೊಣಕೈ ಸುಟ್ಟಿತು. ಮೇಜುಬಟ್ಟೆಗಳೆಲ್ಲ ಕೆಂಪು — ಬಣ್ಣ ಬಿಡುತ್ತವೆ, ಬೇರೆ ಒಗೆಸಿ ಎಂದರೆ ನಮ್ಮ ಸೂಪರ್‌ವೈಸರ್ ಕೇಳುವುದಿಲ್ಲ. ಗಂಜಿ ಹಾಕಿದ ಕಾಲರಿನ ಹಾಗೆ ಕುತ್ತಿಗೆ ಬಗ್ಗದ ಮನುಷ್ಯ. ಅದಕ್ಕೇ ಲಾಂಡ್ರಿಯಲ್ಲಿ ಎಲ್ಲರೂ ಅವನನ್ನು ‘ಗಂಜಿ’ ಎನ್ನುವುದು. ಅವನ ಬೆನ್ನ ಹಿಂದೆ.

ಮಧ್ಯಾಹ್ನ ಮಡಚಿದ ಬಟ್ಟೆ ಕೊಡಲು ಮೇಲೆ ಹೋದೆ. ಹೋಟೆಲಿನ ಲಾಬಿಯಲ್ಲಿ ದೊಡ್ಡ ಕ್ರಿಸ್ಮಸ್ ಮರ. ಅದರ ಬುಡದಲ್ಲಿ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆ! ನಾನು ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಇದೇ ಮೊದಲು. ನನ್ನ ಮಗಳ ಕೆಲಸ ಇದು. ಇವೆಂಟ್ಸ್ ವಿಭಾಗದಲ್ಲಿ ಅಲಂಕಾರದ ಉಸ್ತುವಾರಿ ಈಗ ಅವಳದೇ. ಎದೆ ತುಂಬಿ ಬಂತು. ಹತ್ತಿರ ಹೋಗಿ ನೋಡಿದೆ. ತುಂಬಿದ್ದು ಹಾಗೇ ಇಳಿಯಿತು.

ಮಗು ಯೇಸು ಆಗಲೇ ಮಲಗಿದೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಗುತ್ತಾರೆ. ಇವರು ಕೂಸನ್ನೇ ಹುಟ್ಟುವ ಮುಂಚೆ ತಂದು ಮಲಗಿಸಿದ್ದಾರೆ. ಪಕ್ಕದಲ್ಲಿ ಬೋರ್ಡು — ಇಲ್ಲಿ ಸೆಲ್ಫಿ ತೆಗೆಯಿರಿ, ಮಸಾಜಿಗೆ ರಿಯಾಯಿತಿ ಪಡೆಯಿರಿ.

ನಮ್ಮೂರ ಚರ್ಚಿನಲ್ಲಿ ಇಪ್ಪತ್ನಾಲ್ಕರ ರಾತ್ರಿವರೆಗೆ ಗೋದಲಿ ಖಾಲಿ. ಒಂದು ಒಳ್ಳೆಯ ಕೆಲಸ ಮಾಡಿದರೆ ಒಂದು ಹುಲ್ಲುಕಡ್ಡಿ ಹಾಕಬೇಕು. ಶಾಲೆಯ ಸಿಸ್ಟರ್ ಕಲಿಸಿದ್ದು. ಹಾಸಿಗೆ ನಾವು ಮಾಡಿಟ್ಟರೆ ಅವನು ಬರುತ್ತಾನೆ. ಖಾಲಿ ಜಾಗ ನೋಡಿ ನೋಡಿ ಆಸೆ ಹುಟ್ಟಬೇಕು. ಮಗಳಿಗೂ ಇದನ್ನೇ ಕಲಿಸಿದ್ದೆ. ಪುಟ್ಟವಳಿದ್ದಾಗ ಪಾತ್ರೆ ತೊಳೆದೆ ಎಂದು ಒಂದು ಕಡ್ಡಿ, ತೊಳೆಯುತ್ತೇನೆ ಎಂದು ಇನ್ನೊಂದು ಕಡ್ಡಿ ಹಾಕುತ್ತಿದ್ದಳು, ಕಳ್ಳಿ.

ಡಿಸೆಂಬರ್ 3

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ.

“ಮಗೂನ ಯಾಕೆ ಈಗಲೇ ಇಟ್ಟಿದ್ದೀಯ?”

“ಖಾಲಿ ಇದ್ರೆ ಫೋಟೋದಲ್ಲಿ ಚೆನ್ನಾಗಿರಲ್ಲ ಅಮ್ಮ.”

“ಫೋಟೋಗೆ ಹುಟ್ಟಿದ್ದಾ ಅವನು?”

“ಶುರು ಮಾಡಬೇಡ. ಗೋದಲಿ ಇಡೋಕೆ ಒಪ್ಪಿಸೋದ್ರಲ್ಲೇ ನನಗೆ ಸಾಕಾಗಿಹೋಯ್ತು. ಮ್ಯಾನೇಜರ್‌ಗೆ ಕ್ರಿಸ್ಮಸ್ ತಾತನ ಜಿಂಕೆಗಾಡಿ ಬೇಕಿತ್ತು. ಕ್ರಿಸ್ಮಸ್ ಈಗ ಎಲ್ಲರದ್ದು.”

“ಎಲ್ಲರದ್ದೂ ಆಗಲಿ ಕಣೇ. ಹುಟ್ಟಿದವನದ್ದೂ ಸ್ವಲ್ಪ ಆಗಲಿ.”

ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಚರ್ಚಿನ ಮೆಟ್ಟಿಲು ಹತ್ತಿ ಮೂರು ವರ್ಷ ಆಯಿತು ಅವಳು. ಪುರುಸೊತ್ತಿಲ್ಲವಂತೆ.

ಡಿಸೆಂಬರ್ 7

ಇಪ್ಪತ್ನಾಲ್ಕರ ರಾತ್ರಿ ರಜೆ ಕೇಳಿದೆ. ಗಂಜಿ ತಲೆ ಎತ್ತಲೇ ಇಲ್ಲ.

“ಆವತ್ತು ಆಗಲ್ಲ ಇಸ್ತ್ರಿ ಅಮ್ಮ. ರಾತ್ರಿ ಪಾಳಿಗೆ ಬನ್ನಿ. ದೊಡ್ಡ ಪಾರ್ಟಿ ಇದೆ.”

“ಎಂಥ ಪಾರ್ಟಿ?”

“ಕ್ರಿಸ್ಮಸ್ ಪಾರ್ಟಿ.”

“ನನಗೂ ಅದಕ್ಕೇ ರಜೆ ಬೇಕು ಸಾರ್. ರಾತ್ರಿ ಚರ್ಚಿನಲ್ಲಿ ಬಲಿಪೂಜೆ ಇದೆ.”

“ಬೆಳಿಗ್ಗೆ ಹೋಗಿ. ದೇವರೇನು ಓಡಿಹೋಗ್ತಾನಾ?”

ಮೂವತ್ತು ವರ್ಷದಲ್ಲಿ ಒಂದೇ ಒಂದು ರಾತ್ರಿಪೂಜೆ ತಪ್ಪಿಸಿದ್ದೆ. ಮಗಳು ಹುಟ್ಟಿದ ವರ್ಷ. ಈಗ ಕ್ರಿಸ್ಮಸ್ ಪೂಜೆ ತಪ್ಪಿಸಬೇಕು — ಕ್ರಿಸ್ಮಸ್ಸಿನ ಮೇಜುಬಟ್ಟೆ ಇಸ್ತ್ರಿ ಮಾಡುವುದಕ್ಕೆ.  ಅಷ್ಟೂ ಸಿಟ್ಟನ್ನು ಇಸ್ತ್ರಿಪೆಟ್ಟಿಗೆಯ ಮೇಲೆ ತೋರಿಸಿದೆ. ಒಂದು ದಿಂಬಿನ ಗವಸು ಕಂದಾಯಿತು. ಮುಚ್ಚಿಟ್ಟೆ.

ಡಿಸೆಂಬರ್ 8

ತೆಗೆದುಕೊಂಡು ಬಂದೆ.

ಬೆಳಿಗ್ಗೆ ಬಟ್ಟೆಗಾಡಿ ತಳ್ಳಿಕೊಂಡು ಹೋಗುವಾಗ ಲಾಬಿಯಲ್ಲಿ ಯಾರೂ ಇರಲಿಲ್ಲ. ಗೋದಲಿಯ ಒಳಗೆ ಯಾರೋ ಕುಡಿದು ಬಿಟ್ಟ ಕಾಫಿ ಕಪ್ಪು. ಮಗುವಿನ ಕಾಲ ಬಳಿ. ಅಷ್ಟೇ, ಮತ್ತೆ ಯೋಚನೆ ಮಾಡಲಿಲ್ಲ. ಕಪ್ಪು ಕಸಕ್ಕೆ, ಮಗು ಟವೆಲ್ಲಿಗೆ.

ಲಾಂಡ್ರಿಯಲ್ಲಿ ನನ್ನ ಲಾಕರಿನಲ್ಲಿದೆ. ಹೊತ್ತು ಬಂದಾಗ ಇಡುತ್ತೇನೆ. ಹುಟ್ಟುವ ರಾತ್ರಿ. ಅಲ್ಲಿಯವರೆಗೆ ಖಾಲಿ ಇರಲಿ, ನೋಡಿದವರು ಯಾಕೆ ಖಾಲಿ ಎಂದಾದರೂ ಕೇಳಲಿ.

ಡಿಸೆಂಬರ್ 11

ಒಬ್ಬರೂ ಕೇಳಲಿಲ್ಲ. ಕೇಳಿದ್ದು ಒಂದೇ — ಕದ್ದವರು ಯಾರು?

ಬಾಗಿಲ ಬಳಿಯ ಸೆಕ್ಯೂರಿಟಿಯವನ ಮೇಲೆ ಬಂದಿದೆ. ನಿಮ್ಮ ಕಣ್ಣೆದುರೇ ಹೋಗಿದೆ, ತಪ್ಪೊಪ್ಪಿಗೆ ಬರೆದುಕೊಡಿ ಎಂದಿದ್ದಾರೆ. ವಯಸ್ಸಾದ ಮನುಷ್ಯ, ನಮ್ಮ ಧರ್ಮದವನೂ ಅಲ್ಲ. ಊಟದ ಹೊತ್ತಿಗೆ ಬಂದು ಹತ್ತಿರ ಕೂತ. “ಆ ಮಗೂನ ದಿನಾ ಸಂಜೆ ನೋಡ್ತಿದ್ದೆ ಅಕ್ಕ, ಯಾರಾದ್ರೂ ಕಾಲಲ್ಲಿ ತುಳಿದಾರು ಅಂತ. ಈಗ ನಾನೇ ಕಳ್ಳ ಆದೆ.”

ಊಟದ ಡಬ್ಬಿ ಮುಚ್ಚಿದೆ. ಸೀದಾ ಮಗಳ ಹತ್ತಿರ ಹೋದೆ.

“ನಾನೇ ತೆಗೆದಿದ್ದು. ಹೋಗಿ ಹೇಳು.”

ಅವಳು ಮುಖ ನೋಡಿದಳು. “ಗೊತ್ತಿತ್ತು. ಇನ್ಯಾರು ತೆಗೀತಾರೆ? ಕಳ್ಳ ಆಗಿದ್ರೆ ಕಾಫಿ ಮಷೀನ್ ಹೊತ್ಕೊಂಡು ಹೋಗ್ತಿದ್ದ.”

“ಹಾಗಾದ್ರೆ ಹೇಳು.”

“ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ. ವಾಪಸ್ ಕೊಡು.”

“ಇಪ್ಪತ್ನಾಲ್ಕಕ್ಕೆ ಕೊಡ್ತೀನಿ.”

“ಅಮ್ಮ, ಇದು ಹೋಟೆಲು. ನಿನ್ನ ಊರಿನ ಚರ್ಚಲ್ಲ.”

“ಹಾಗಾದ್ರೆ ನನ್ನ ದೇವರನ್ನ ಯಾಕೆ ತಂದಿಟ್ಟೆ ಇಲ್ಲಿ?”

 ಸಂಜೆಗೆ ತಿಳಿಯಿತು — ಬಣ್ಣ ಹೋಗಿತ್ತು, ರಿಪೇರಿಗೆ ಕಳಿಸಿದ್ದೇನೆ ಎಂದು ಮ್ಯಾನೇಜರಿಗೆ ಹೇಳಿದ್ದಾಳೆ. ಸೆಕ್ಯೂರಿಟಿಯವನು ಬಚಾವಾದ. ನನಗಾಗಿ ಮಗಳು ಸುಳ್ಳು ಹೇಳಿದಳು. ಇದಕ್ಕೆ ಸಿಟ್ಟು ಮಾಡಲೋ, ಸುಮ್ಮನಿರಲೋ ತಿಳಿಯಲಿಲ್ಲ. ಸಿಟ್ಟೇ ಮಾಡಿದೆ.

ಡಿಸೆಂಬರ್ 13

ಗೋದಲಿಯಲ್ಲಿ ಕರಡಿ.

ಬೊಂಬೆ ಕರಡಿ. ಕೆಂಪು ಟೋಪಿ ಹಾಕಿದೆ. ಖಾಲಿ ಬಿಡುವ ಹಾಗಿಲ್ಲ ಎಂದು ಮ್ಯಾನೇಜರು ತರಿಸಿ ಮಲಗಿಸಿದನಂತೆ. ಮಗುವಿನ ಮಾತೆಯೂ ತಂದೆ ಜೋಸೆಫರೂ ಎರಡೂ ಕಡೆ ಮೊಣಕಾಲೂರಿ ಕರಡಿಗೆ ಕೈಮುಗಿದಿದ್ದಾರೆ. ಮಗು ಇದ್ದಾಗ ನಿಲ್ಲದಿದ್ದ ಜನ ಈಗ ಸಾಲಾಗಿ ನಿಂತು ಫೋಟೋ ತೆಗೆಸುತ್ತಿದ್ದಾರೆ.

 ಯಾರನ್ನು ಬೈಯಲಿ? ಜಾಗ ಖಾಲಿ ಮಾಡಿಕೊಟ್ಟವಳು ನಾನೇ. ಮಗಳು ದೂರದಲ್ಲಿ ನಿಂತಿದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು. ಗೆದ್ದೆ ಎನ್ನುವ ಮುಖ ಅಲ್ಲ ಅದು.

ಮನೆಯಲ್ಲಿ ಮಾತು ನಿಂತಿದೆ.

ಡಿಸೆಂಬರ್ 21

ಮಾಡಿದ ತಪ್ಪು ಹೇಳಿಕೊಳ್ಳಲು ಚರ್ಚಿಗೆ, ಪಾಪನಿವೇದನೆಗೆ ಹೋಗಿದ್ದೆ.

“ಹೋಟೆಲಿಂದ ಬಾಲಯೇಸುವನ್ನ ತಂದಿಟ್ಕೊಂಡಿದ್ದೀನಿ ಫಾದರ್.”

ಜಾಲರಿಯ ಆಚೆ ಫಾದರ್ ಕೆಮ್ಮಿದರು. ನಗು ತಡೆಯುತ್ತಿದ್ದರು ಅನ್ನಿಸುತ್ತದೆ.

“ವಾಪಸ್ ಇಡ್ತೀಯಲ್ಲಮ್ಮ?”

“ಇಡ್ತೀನಿ.”

“ಸರಿ. ಸಿಟ್ಟು?”

“ಅದನ್ನ ಎಲ್ಲಿ ಇಡಲಿ ಫಾದರ್?”

ಅದಕ್ಕೆ ಅವರ ಹತ್ತಿರವೂ ಜಾಗ ಇರಲಿಲ್ಲ. ಜಪಸರ ಹೇಳು ಎಂದರು. ಹೇಳಿದೆ. ಪ್ರತಿ ಮಣಿಗೂ ಗಂಜಿಯ ಕುತ್ತಿಗೆ ನೆನಪಾಯಿತು. ಈ ವರ್ಷ ಒಂದು ಹುಲ್ಲುಕಡ್ಡಿ ಹಾಕುವಷ್ಟೂ ನಾನು ನೆಟ್ಟಗೆ ನಡೆದುಕೊಂಡಿಲ್ಲ. ಹಾಸಿಗೆ ಇಲ್ಲ, ಬರೀ ಹಲಗೆ.

ಡಿಸೆಂಬರ್ 24, ಸಂಜೆ

ಪಾಳಿ ಶುರು. ಬಟ್ಟೆಗಾಡಿಯಲ್ಲಿ ಮಗುವನ್ನು ಅಡಗಿಸಿಕೊಂಡು ಮೇಲೆ ಹೋದೆ, ರಾತ್ರಿ ಹೇಗೆ ಇಡುವುದು ಎಂದು ನೋಡಿಕೊಂಡು ಬರೋಣ ಎಂದು. ಗೋದಲಿಯೇ ಇಲ್ಲ. ಅಲ್ಲಿ ಸ್ಪೀಕರುಗಳು. ಡ್ಯಾನ್ಸಿಗೆ ಜಾಗ ಸಾಲದು ಎಂದು ಮಧ್ಯಾಹ್ನ ಬಿಚ್ಚಿಹಾಕಿದರಂತೆ. ಮಾತೆಯನ್ನೂ ಜೋಸೆಫರನ್ನೂ ಗೋಡೌನಿಗೆ ಹಾಕಿದ್ದಾರೆ. ಕರಡಿ ಮಾತ್ರ ಇದೆ. ಬಾರ್ ಕೌಂಟರಿನ ಮೇಲೆ ಕೂರಿಸಿದ್ದಾರೆ. ಮಗುವನ್ನು ಮತ್ತೆ ಲಾಕರಿಗೆ ತಂದಿಟ್ಟೆ.

ಅವನು ಹುಟ್ಟಿದ ರಾತ್ರಿ ಛತ್ರದಲ್ಲಿ ಅವನಿಗೆ ಜಾಗ ಇರಲಿಲ್ಲ. ಇವತ್ತೂ ಇಲ್ಲ.

ಹುಟ್ಟಿದ ಹಬ್ಬ ಮಾಡುತ್ತಾರಂತೆ. ಹುಟ್ಟಿದವನನ್ನು ಹೊರಗೆ ಹಾಕಿ.

ಡಿಸೆಂಬರ್ 24, ರಾತ್ರಿ

ಮೇಲಿನಿಂದ ಕುಣಿತದ ಸದ್ದು. ಛಾವಣಿ ದಡದಡ. ಗಂಜಿ ಪಾರ್ಟಿಗೆ ಹೋಗಿದ್ದಾನೆ. ಲಾಂಡ್ರಿಯಲ್ಲಿ ನಾನೊಬ್ಬಳೇ. ಚರ್ಚಿನಲ್ಲಿ ಈಗ ದೀಪ ಆರಿಸಿ ಕಾಯುತ್ತಿರುತ್ತಾರೆ. ಯೋಚಿಸಬಾರದು ಎಂದು ಇಸ್ತ್ರಿ ಮಾಡುತ್ತಿದ್ದೆ.

ಬಾಗಿಲು ತಳ್ಳಿಕೊಂಡು ಮಗಳು ಬಂದಳು. ಕಪ್ಪು ಕೋಟು, ಕಿವಿಯಲ್ಲಿ ವೈರು. ಕಂಕುಳಲ್ಲಿ ಗೋದಲಿಯ ಮರದ ತೊಟ್ಟಿ.

“ಇದನ್ನ ಎಲ್ಲಿ ಇಡಲಿ?”

“ಕಸಕ್ಕೆ ಹಾಕು. ಅಲ್ಲೇ ತಾನೇ ಹಾಕಿದ್ದಿರಿ.”

“ಅಲ್ಲಿಂದಲೇ ತಂದೆ.”

ಇಸ್ತ್ರಿ ಮೇಜಿನ ಪಕ್ಕ, ಮೈಲಿಗೆ ಬಟ್ಟೆಯ ಗಾಡಿಯ ಹತ್ತಿರ ಇಟ್ಟಳು. ಕಿವಿಯ ವೈರಿನಲ್ಲಿ ಯಾರೋ ಅವಳನ್ನು ಕರೆಯುತ್ತಿದ್ದರು, ನನಗೂ ಕೇಳಿಸುತ್ತಿತ್ತು. ತೆಗೆದು ಜೇಬಿಗೆ ಹಾಕಿದಳು.

ನನ್ನ ಸಿಟ್ಟು ಇಳಿದಿರಲಿಲ್ಲ. ಈಗಲೂ ಇಳಿದಿಲ್ಲ. ಆದರೂ ಲಾಕರು ತೆಗೆದು ಟವೆಲ್ ಬಿಚ್ಚಿದೆ, ಮಗುವನ್ನು ಅವಳ ಕೈಗೆ ಕೊಟ್ಟೆ. ಅವಳು ಬಗ್ಗಲಿಲ್ಲ. ಎದೆಗೆ ಆನಿಸಿಕೊಂಡು ನಿಂತಳು.

“ಇಡು ಮತ್ತೆ,” ಎಂದೆ.

“ಇನ್ನೂ ಹನ್ನೆರಡಾಗಿಲ್ಲ.”

ಇಸ್ತ್ರಿ ಯಂತ್ರ ಆರಿಸಿದೆ.

“ನಿನ್ನನ್ನ ಮೇಲೆ ಹುಡುಕ್ತಿರ್ತಾರೆ ಕಣೇ.”

“ಹುಡುಕಲಿ.”

ಕೋಟಿನ ತೋಳಿಗೆ ಒಂದು ಹುಲ್ಲುಕಡ್ಡಿ ಅಂಟಿತ್ತು. ತೆಗೆದೆ. ತೊಟ್ಟಿಯಲ್ಲಿ ಇಟ್ಟೆ. ಅವಳು ನೋಡಿದಳು.

“ಯಾವ ಒಳ್ಳೆ ಕೆಲಸಕ್ಕೆ?”

“ಬಾಯಿ ಮುಚ್ಕೊಂಡು ಕೂತ್ಕೋ.”

ಕೂತಿದ್ದಾಳೆ. ಹೈಹೀಲ್ಸ್ ಬಿಚ್ಚಿ, ಬೆಚ್ಚಗಿನ ಹಾಸುಬಟ್ಟೆಗಳ ರಾಶಿಯ ಮೇಲೆ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು. ನಾನು ದಿಂಬಿನ ಗವಸುಗಳ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಮೇಲೆ ಕುಣಿತ ನಿಂತಿಲ್ಲ. ಮಗಳು ರಾತ್ರಿಪೂಜೆಯ ಹಾಡು ಗುನುಗುತ್ತಿದ್ದಾಳೆ, ಎರಡನೇ ಸಾಲು ಮರೆತುಹೋಗಿದೆ ಅವಳಿಗೆ. ಗಡಿಯಾರ ನೋಡಿದಳು, ಹನ್ನೆರಡು. ಏಳುತ್ತಿದ್ದಾಳೆ. ಅಮ್ಮ, ಹೇಳಿಕೊಡು ಎನ್ನುತ್ತಿದ್ದಾಳೆ —