ಆಚೆ ಕವಲು

ಜುಲೈ 28, ಭಾನುವಾರ. ಸಂಜೆ.
ರಬ್ಬರ್ ಬೋಟಿಗೆ ಗಾಳಿ ತುಂಬಿಸಿ, ಕೊಳ್ಳೇಗಾಲದ ಅಗ್ನಿಶಾಮಕ ಠಾಣೆಯಿಂದ ಹೊಳೆದಂಡೆಗೆ ಬರುವಷ್ಟರಲ್ಲಿ ಬಿಸಿಲೇರಿತ್ತು. ಪ್ರವಾಹ. ಮಾದು ಎಂಬ ಹುಡುಗ ನಡುಗಡ್ಡೆಯಲ್ಲಿದ್ದ ಹಸು ತರಲು ನಸುಕಿನಲ್ಲೇ ನೀರಿಗಿಳಿದನಂತೆ — ಬಂದಿಲ್ಲ. ಚಪ್ಪಲಿ ಹುಣಸೆ ಮರದ ಬುಡದಲ್ಲಿತ್ತು. ಅಲ್ಲೇ ಜಿಪಿಎಸ್ ಮಾರ್ಕ್ ಮಾಡಿದೆ. ಕಾಗದದ ನಕ್ಷೆಯಲ್ಲೂ ಅಲ್ಲಿಂದಲೇ ಪೆನ್ಸಿಲ್ ಗೆರೆ. ಅಲ್ಲಿ ಇಳಿದವನನ್ನು ಸೆಳೆತ ನಡುಗಡ್ಡೆಯ ಈಚೆ ಕವಲಿಗೇ ಒಯ್ಯಬೇಕು. ಇಂಜಿನ್ ಹಿಡಿಯುವ ನಿಂಗರಾಜುವೂ ಹೂಂ ಅಂದ. ದಿನವಿಡೀ ಜಾಲಾಡಿದೆವು. ಇಲ್ಲ.
ದಂಡೆಯಲ್ಲಿ ತಾಯಿ ಸೋಮಮ್ಮ. "ಈಜ್ತಾನೆ ಸಾ ನನ್ ಮಗ. ಎಲ್ಲೋ ಮರ ಇಡ್ಕಂಡು ಕುಂತವ್ನೆ."

ಜುಲೈ 29
ಮತ್ತೆ ಈಚೆ ಕವಲು. ನಕ್ಷೆಯಲ್ಲಿ ಗದ್ದೆ ಇರುವ ಕಡೆ ಎರಡಾಳು ನೀರು. ಆಳ ತೋರಿಸುವ ಮೆಷಿನ್‌ನಲ್ಲಿ ಏನೋ ಉದ್ದಕ್ಕೆ ಕಂಡಾಗಲೆಲ್ಲ ಕೊಕ್ಕೆ ಇಳಿಸಿದೆವು. ಬರೀ ಮುಳುಗಿದ ಬಾಳೆ. ಆಚೆ ಕವಲು ಪೂರ್ತಿ ಬಂಡೆ, ಬೋಟಿನ ತಳ ಹರಿಯುತ್ತೆ. ಅತ್ತ ಹೋಗುವ ಕಾರಣವೂ ಇರಲಿಲ್ಲ.

ಜುಲೈ 30, ರಾತ್ರಿ
ಮಧ್ಯಾಹ್ನ ಸೋಮಮ್ಮ ಟೀ ಕೊಡುತ್ತಾ ಅಂದರು: "ಗಂಗಮ್ಮ ಮುನಿಸ್ಕಂಡವ್ಳೆ ಸಾ. ಅವಳ ಕಲ್ ಮುಂದ್ಲೇ ಎಕ್ಕಡ ಬುಟ್ಟೋಗಿದ್ದ. ತಾಯಿ ಮುಂದ ಎಕ್ಕಡ ಇರ್ಬಾರ್ದು ಅಂತ ನಾನೇ ತಕಂಡೋಗಿ ಉಣ್ಸೆ ಮರದ್ತಾವ ಇಟ್ಟೆ."
ಲೋಟ ಕೆಳಗಿಟ್ಟು ನಕ್ಷೆ ಬಿಡಿಸಿದೆ. ಅವನು ಚಪ್ಪಲಿ ಬಿಟ್ಟ ಗಂಗಮ್ಮನ ಕಲ್ಲು ಇರುವುದು ಹುಣಸೆ ಮರಕ್ಕೂ ನಡುಗಡ್ಡೆಗೂ ಎಷ್ಟೋ ಮೇಲೆ, ಹೊಳೆ ಕವಲಾಗುವ ಮುಂಚೆ. ಅಲ್ಲಿ ಇಳಿದರೆ ಸೆಳೆತ ಆಚೆ ಕವಲಿಗೆ.
ಬಂಡೆ ತಪ್ಪಿಸಿಕೊಂಡು ಹೋದೆವು. ಹೊಂಗೆ ಮರದ ಕವೆಯಲ್ಲಿ ಮಾದು. ಟವಲ್‌ನಿಂದ ತನ್ನನ್ನೇ ಕೊಂಬೆಗೆ ಕಟ್ಟಿಕೊಂಡಿದ್ದ. ಉಸಿರಿರಲಿಲ್ಲ. ಮೈ ಇನ್ನೂ ಸೆಟೆದಿರಲಿಲ್ಲ.
ಟವಲ್ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡೆ. "ನೀರಲ್ಲಿ ಸಿಕ್ದ ಅನ್ನು," ಅಂದೆ. ನಿಂಗರಾಜು ಮುಖ ತಿರುಗಿಸಿ ಅಳುತ್ತಿದ್ದ. "ಆಯ್ತು ಸಾ."

ಆಗಸ್ಟ್ 1
ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರಿಗೆ ಮಾತ್ರ ನಿಜ ಹೇಳಿದೆ. ಸಿಕ್ಕ ದಿನ, ಮಂಗಳವಾರ ಬೆಳಗಿನವರೆಗೂ ಜೀವ ಇದ್ದಿರಬೇಕು ಅಂದರು. ನಮ್ಮ ಇಂಜಿನ್ ಸದ್ದು ಅವನಿಗೆ ಕೇಳಿಸಿರುತ್ತೆ...

ಆಗಸ್ಟ್ 9
ಸೋಮಮ್ಮ ನಮ್ಮ ಮನೆಗೆ ಬಂದಿದ್ದರು. ಜಗಲಿಯ ಮೇಲೂ ಕೂರಲಿಲ್ಲ.
"ನಾನು ಎಕ್ಕಡ ಮುಟ್ದೇ ಇದ್ದಿದ್ರೆ ಮಗ ಉಳೀತಿದ್ನಾ ಸಾ?"
"ಇಲ್ಲಮ್ಮ. ನೀರಿಗೆ ಬಿದ್ದ ಗಳಿಗೆಲೇ ಹೋಗಿದ್ದ."
ಸೋಮಮ್ಮ ಅಂಗೈ ಚಾಚಿದರು.
"ಮಲೆ ಮಾದಪ್ಪನ ಮ್ಯಾಲೆ ಆಣೆ ಮಾಡಿ ಯೋಳಿ."
ಕೈಮೇಲೆ ಕೈಯಿಟ್ಟೆ. "ಮಾದಪ್ಪನಾಣೆ ಸೋಮಮ್ಮ, ನಿಮ್ಮ ಮಗ ನೀರಿಗೆ ಬಿದ್ದ ಗಳಿಗೆಲೇ ಹೋಗಿದ್ದ."